ಭೂರ್ಜದ ಹಿಡಿ, ಸರೋವರದ ಕಬ್ಬಿಣ: ಫಿನ್ಲೆಂಡಿನ ಪೂಕ್ಕೊ



ಯುರೋಪಿನ ಉತ್ತರದ ಅಂಚಿನಲ್ಲಿರುವ ಫಿನ್ಲೆಂಡ್ ದೇಶದ ನೆಲದಲ್ಲಿ ಸುಮಾರು ಮುಕ್ಕಾಲು ಪಾಲು ಕಾಡು. ಚಿಕ್ಕವೂ ದೊಡ್ಡವೂ ಸೇರಿ ಅಲ್ಲಿರುವ ಸರೋವರಗಳ ಸಂಖ್ಯೆ ಸುಮಾರು 1,88,000. ಜನಸಂಖ್ಯೆಯಾದರೋ ಐವತ್ತೈದು ಲಕ್ಷದ ಆಸುಪಾಸು. ಮನುಷ್ಯರಿಗಿಂತ ಮರಗಳೇ ನೆರೆಹೊರೆಯಾಗಿರುವ ಅಂತಹ ನಾಡಿನಲ್ಲಿ ರೈತನ, ಬೆಸ್ತನ, ಬೇಟೆಗಾರನ ಸೊಂಟದಲ್ಲಿ ಶತಮಾನಗಳಿಂದ ತೂಗಾಡುತ್ತ ಬಂದ ಒಂದು ಚಿಕ್ಕ ಕತ್ತಿಯುಂಟು. ಅದರ ಹೆಸರು ಪೂಕ್ಕೊ. ಫಿನ್ನಿಷ್ ಭಾಷೆಯಲ್ಲಿ ‘ಪೂ’ ಎಂದರೆ ಮರ. ಕತ್ತಿಯ ಹೆಸರು ಈ ಪದದಿಂದಲೇ ಹುಟ್ಟಿತೆಂದು ಕೆಲವರೂ, ಜರ್ಮನ್ ನುಡಿಯೊಂದರಿಂದ ಬಂದಿತೆಂದು ಕೆಲವರೂ ವಾದಿಸುತ್ತಾರೆ. ವಾದ ಏನೇ ಇರಲಿ, ಮರವನ್ನು ಬಿಟ್ಟು ಈ ಕತ್ತಿಯ ಮಾತನ್ನು ಆಡಲು ಬರುವುದಿಲ್ಲ.

ಪೂಕ್ಕೊ ನೋಡುವುದಕ್ಕೆ ಬಹಳ ಸರಳವಾದ ವಸ್ತು. ಅಲಗಿನ ಉದ್ದ ಸಾಮಾನ್ಯವಾಗಿ 8ರಿಂದ 10 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಅಂಗೈಯ ಅಗಲ. ಹರಿತ ಒಂದೇ ಕಡೆ; ಬೆನ್ನು ನೇರ. ಹಿಡಿಗೂ ಅಲಗಿಗೂ ನಡುವೆ ಯುದ್ಧದ ಕತ್ತಿಗಳಿಗಿರುವಂತಹ ಅಡ್ಡಪಟ್ಟಿ ಇರುವುದಿಲ್ಲ. ತಿವಿಯುವ ಆಯುಧದಲ್ಲಿ ಬೆರಳು ಜಾರದಂತೆ ತಡೆಯುವುದಕ್ಕೆ ಅಡ್ಡಪಟ್ಟಿ ಬೇಕು. ಕೆತ್ತುವ ಉಪಕರಣದಲ್ಲಿ ಅದು ಹೆಬ್ಬೆರಳಿಗೆ ಅಡ್ಡಿ. ಮರದ ಚಮಚ ಕೆತ್ತುವುದು, ಮೀನು ಸೀಳುವುದು, ಬೇಟೆಯ ಚರ್ಮ ಸುಲಿಯುವುದು, ಒಲೆಗೆ ಸಿಗುರು ಮಾಡುವುದು, ಊಟದ ಹೊತ್ತಿಗೆ ರೊಟ್ಟಿ ಕೊಯ್ಯುವುದು, ಇಷ್ಟೂ ಕೆಲಸಕ್ಕೆ ಒಂದೇ ಕತ್ತಿ. ಅಲಂಕಾರವೆಂಬುದು ಬಂದದ್ದು ಆಮೇಲೆ. ಬಂದಲ್ಲೆಲ್ಲ ಅದು ಕತ್ತಿಗೆ ಒಳ್ಳೆಯದನ್ನೇ ಮಾಡಿತೆಂದು ಹೇಳಲಾಗದು.

ಇಲ್ಲಿ ಕುಳಿತವರಲ್ಲಿ ಕುಲುಮೆಯ ಮುಂದೆ ಕತ್ತಿಗಾಗಿ ಕಾದು ನಿಂತವರು ಅನೇಕರಿರಬಹುದು. ಅವರಿಗೆ ಫಿನ್ಲೆಂಡಿನ ಕಮ್ಮಾರನ ಕೆಲಸ ಅಪರಿಚಿತವೆನಿಸದು. ಅವನನ್ನು ಅಲ್ಲಿ ‘ಸೆಪ್ಪಾ’ ಎನ್ನುತ್ತಾರೆ. ಇಂಗಾಲದ ಅಂಶ ಹೆಚ್ಚಿರುವ ಉಕ್ಕಿನ ಸರಳನ್ನೋ, ಹಿಂದಿನ ಕಾಲದಲ್ಲಾದರೆ ಸವೆದುಹೋದ ಅರದ ತುಂಡನ್ನೋ ಅವನು ಕಾಯಿಸುತ್ತಾನೆ. ಅಡಿಗಲ್ಲಿನ ಮೇಲೆ ಬಡಿದು ಬಡಿದು ಅಲಗಿನ ಆಕಾರಕ್ಕೆ ತರುತ್ತಾನೆ. ಕೈಯಿಂದ ಬಡಿದ ಒಳ್ಳೆಯ ಪೂಕ್ಕೊವನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಅದು ಸಪಾಟಾದ ಪಟ್ಟಿಯಂತಿರದೆ ನಡುವೆ ಸ್ವಲ್ಪ ಉಬ್ಬಿದ ವಜ್ರಾಕೃತಿಯಲ್ಲಿರುತ್ತದೆ. ಬೆನ್ನಿನ ಕಡೆ ತೆಳ್ಳಗೆ, ನಡುವೆ ದಪ್ಪ, ಬಾಯಿಯ ಕಡೆ ಮತ್ತೆ ತೆಳ್ಳಗೆ. ಇದರಿಂದ ಮರದೊಳಗೆ ಅಲಗು ಸಾಗುವಾಗ ಇಡೀ ಮೈ ಮರಕ್ಕೆ ಉಜ್ಜುವುದಿಲ್ಲ, ಬಲವೂ ಕುಂದುವುದಿಲ್ಲ. ತಗಡಿನಿಂದ ಅಚ್ಚೊತ್ತಿ ತೆಗೆದ ಅಲಗಿಗೂ ಸುತ್ತಿಗೆಯಿಂದ ಹುಟ್ಟಿದ ಅಲಗಿಗೂ ಇರುವ ಮೊದಲ ವ್ಯತ್ಯಾಸ ಕಣ್ಣಿಗೆ ಬೀಳುವುದು ಇಲ್ಲಿಯೇ.

ಆಮೇಲೆ ಹದ. ಉಕ್ಕನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯಿಸಬೇಕು. ಉಷ್ಣಮಾಪಕವಿಲ್ಲದ ಕುಲುಮೆಯಲ್ಲಿ ಇದನ್ನು ಅರಿಯುವುದು ಬಣ್ಣದಿಂದ. ಅದಕ್ಕಾಗಿಯೇ ಕಮ್ಮಾರರು ಮಬ್ಬು ಬೆಳಕನ್ನು ಬಯಸುತ್ತಾರೆ. ಇನ್ನೊಂದು ಉಪಾಯ ಅಯಸ್ಕಾಂತ: 770 ಡಿಗ್ರಿಯ ಹೊತ್ತಿಗೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದನ್ನು ನಿಲ್ಲಿಸುತ್ತದೆ, ಅದಕ್ಕಿಂತ ತುಸು ಮೇಲೇರಿಸಿ ನೀರಿನಲ್ಲೋ ಎಣ್ಣೆಯಲ್ಲೋ ಅದ್ದಿದರೆ ಸರಿ. ಹಾಗೆ ಅದ್ದಿದ ಅಲಗು ಗಾಜಿನಂತೆ ಗಡುಸು, ಗಾಜಿನಂತೆಯೇ ಮುರಿಯುವಂತಹುದು. ಅದನ್ನು ಮತ್ತೆ ಮೆಲ್ಲಗೆ ಸುಮಾರು 200 ಡಿಗ್ರಿಗೆ ಕಾಯಿಸಿ, ಮೈಮೇಲೆ ಒಣಹುಲ್ಲಿನ ಬಣ್ಣ ಮೂಡಿದಾಗ ನಿಲ್ಲಿಸುತ್ತಾರೆ. ಆ ಬಣ್ಣ ದಾಟಿ ನೀಲಿಗೆ ತಿರುಗಿದರೆ ಅಲಗು ಮೆತುವಾಯಿತು, ಕೆಲಸ ಮೊದಲಿನಿಂದ. ಹಳದಿಯಿಂದ ನೀಲಿಗೆ ಹೋಗಲು ಹೆಚ್ಚು ಹೊತ್ತು ಬೇಕಾಗಿಲ್ಲ.

ಪೂಕ್ಕೊದ ಬಾಯಿ ಸಾಣೆ ಹಿಡಿಯುವವನಿಗೆ ಬಹಳ ಸುಲಭ. ಅಲಗಿನ ಎರಡೂ ಪಕ್ಕದಲ್ಲಿ ಅಗಲವಾದ ಒಂದೊಂದು ಇಳಿಜಾರು ಇರುತ್ತದೆ. ಅದು ನೇರವಾಗಿ ಹರಿತದ ಅಂಚಿನವರೆಗೂ ಹೋಗುತ್ತದೆ. ಆ ಇಳಿಜಾರನ್ನು ಸಾಣೆಕಲ್ಲಿನ ಮೇಲೆ ಸಮನಾಗಿ ಒರಗಿಸಿ ಉಜ್ಜಿದರೆ ಸಾಕು, ಕೋನವನ್ನು ಕತ್ತಿಯೇ ತೋರಿಸಿಕೊಡುತ್ತದೆ. ಕಾಡಿನ ನಡುವೆ, ಹೊಳೆಯ ದಂಡೆಯ ಕಲ್ಲಿನ ಮೇಲೆ, ಹತ್ತು ವರ್ಷದ ಹುಡುಗನೂ ಮಾಡಬಹುದಾದ ಕೆಲಸವಿದು. ಕಮ್ಮಾರನನ್ನು ಬಿಟ್ಟು ಬಂದ ಮೇಲೂ ಕತ್ತಿ ಅದರ ಒಡೆಯನ ಅಧೀನದಲ್ಲಿಯೇ ಇರಬೇಕೆಂಬ ವಿವೇಕ ಈ ರಚನೆಯಲ್ಲಿದೆ.

ಇನ್ನು ಹಿಡಿಯ ವಿಚಾರ. ಪೂಕ್ಕೊದ ಜೀವ ಅಲಗಿನಲ್ಲಿದೆಯೆಂದು ಸಂಗ್ರಾಹಕರು ಹೇಳುತ್ತಾರೆ. ದಿನವಿಡೀ ಅದನ್ನು ಹಿಡಿದು ದುಡಿಯುವವನನ್ನು ಕೇಳಿದರೆ ಹಿಡಿಯಲ್ಲಿದೆ ಎಂದಾನು. ಸಾಂಪ್ರದಾಯಿಕ ಹಿಡಿಗಳಲ್ಲಿ ಎರಡು ಬಗೆ ಮುಖ್ಯ, ಎರಡೂ ಭೂರ್ಜ ವೃಕ್ಷದವೇ. ಭೂರ್ಜವೆಂದರೆ ಕನ್ನಡಿಗರಿಗೆ ಹಿಮಾಲಯದ ನೆನಪು. ಅದರ ತೊಗಟೆಯೇ ಭೂರ್ಜಪತ್ರ, ಕಾಶ್ಮೀರದ ಪಂಡಿತರು ಗ್ರಂಥಗಳನ್ನು ಬರೆದಿಟ್ಟದ್ದು ಅದರ ಮೇಲೆ. ಫಿನ್ಲೆಂಡಿನ ಬಿಳಿಯ ಭೂರ್ಜ ಆ ಮರದ ದಾಯಾದಿ. 1988ರಲ್ಲಿ ಅದನ್ನು ಆ ದೇಶದ ರಾಷ್ಟ್ರೀಯ ವೃಕ್ಷವೆಂದು ಆರಿಸಲಾಯಿತು. ಹಿಮಾಲಯದಲ್ಲಿ ಅಕ್ಷರವನ್ನು ಕಾಪಾಡಿದ ತೊಗಟೆ ಉತ್ತರದಲ್ಲಿ ಬುಟ್ಟಿಯಾಯಿತು, ಪಾದರಕ್ಷೆಯಾಯಿತು, ಮಾಡಿನ ಹೊದಿಕೆಯಾಯಿತು, ಕತ್ತಿಯ ಹಿಡಿಯೂ ಆಯಿತು. ಕಾರಣ ಒಂದೇ: ಆ ತೊಗಟೆ ನೀರನ್ನು ಕುಡಿಯುವುದಿಲ್ಲ, ಬೇಗ ಕೊಳೆಯುವುದಿಲ್ಲ.

ತೊಗಟೆಯನ್ನು ಯಾವಾಗ ಬೇಕಾದರೂ ಸುಲಿಯಲು ಬರುವುದಿಲ್ಲ. ಬೇಸಿಗೆಯ ಮೊದಲ ಭಾಗದಲ್ಲಿ, ಜೂನ್ ಜುಲೈ ಹೊತ್ತಿಗೆ, ಮರದಲ್ಲಿ ರಸ ಏರಿರುವಾಗ ಹೊರತೊಗಟೆ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಕತ್ತಿಯ ಮೊನೆಯಿಂದ ಉದ್ದಕ್ಕೆ ಒಂದು ಗೀರು ಎಳೆದರೆ ಹಾಳೆಯಂತೆ ಸುರುಳಿ ಬಿಚ್ಚಿ ಬರುತ್ತದೆ. ಗೀರು ಎಷ್ಟು ಆಳಕ್ಕೆ ಹೋಗಬೇಕೆಂಬುದರಲ್ಲಿದೆ ಕೌಶಲ. ಒಳತೊಗಟೆಗೆ ಗಾಯವಾಗದಿದ್ದರೆ ಮರ ಬದುಕುತ್ತದೆ. ಒಳತೊಗಟೆಯೂ ಸುತ್ತಲೂ ಕತ್ತರಿಸಿಹೋದರೆ ಸಾಯುತ್ತದೆ. ಬದುಕಿದ ಮರವೂ ಆ ಜಾಗದಲ್ಲಿ ಮತ್ತೆ ನಯವಾದ ಬಿಳಿಯ ಹೊದಿಕೆಯನ್ನು ತೊಡುವುದಿಲ್ಲ, ಕಪ್ಪಾದ ಒರಟು ತೊಗಟೆಯನ್ನು ಬೆಳೆಸಿಕೊಳ್ಳುತ್ತದೆ. ಆದ್ದರಿಂದ ತಿಳಿದವರು ಹೇಗೂ ಕಡಿಯಲೆಂದು ಗುರುತು ಮಾಡಿದ ಮರಗಳಿಂದಲೇ ತೊಗಟೆ ತೆಗೆಯಲು ಇಷ್ಟಪಡುತ್ತಾರೆ.

ಇಲ್ಲಿ ಕಾನೂನಿನ ಒಂದು ಸ್ವಾರಸ್ಯವನ್ನು ಹೇಳಲೇಬೇಕು. ಫಿನ್ಲೆಂಡಿನಲ್ಲಿ ಕಾಡು ಯಾರದ್ದೇ ಆಗಿರಲಿ, ಅದರೊಳಗೆ ನಡೆದಾಡುವ, ಕಾಡಿನ ಹಣ್ಣು ಅಣಬೆಗಳನ್ನು ಕೊಯ್ದುಕೊಳ್ಳುವ ಹಕ್ಕು ಪ್ರತಿಯೊಬ್ಬನಿಗೂ ಉಂಟು. ಅದನ್ನು ‘ಸರ್ವರ ಹಕ್ಕು’ ಎಂಬರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಬೇಲಿಯಿಲ್ಲದ, ಬೆದರಿಕೆಯಿಲ್ಲದ ಉದಾರವಾದ ಸಂಪ್ರದಾಯವದು. ಆದರೆ ಅದೇ ಹಕ್ಕು ಜೀವಂತ ಮರದ ತೊಗಟೆಗೂ ರೆಂಬೆಗೂ ಅನ್ವಯಿಸುವುದಿಲ್ಲ. ಅದಕ್ಕೆ ನೆಲದ ಒಡೆಯನ ಒಪ್ಪಿಗೆ ಬೇಕು. ಮತ್ತೆ ಬರುವುದನ್ನು ಯಾರೂ ಒಯ್ಯಬಹುದು, ಮರಕ್ಕೆ ಗಾಯವಾಗುವುದನ್ನು ಕೇಳಿ ಒಯ್ಯಬೇಕು. ಹಿಡಿಗೆ ತೊಗಟೆ ಬೇಕಾದ ಕಮ್ಮಾರ ಹೀಗಾಗಿ ಯಾವನಾದರೊಬ್ಬ ರೈತನೊಡನೆ ಮಾತುಕತೆ ಇಟ್ಟುಕೊಳ್ಳಲೇಬೇಕಾಗುತ್ತದೆ.

ತಂದ ತೊಗಟೆಯನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಕತ್ತರಿಸಿ, ನಡುವೆ ತೂತು ಮಾಡಿ, ಅಲಗಿನ ಬಾಲಕ್ಕೆ ಹೂ ಪೋಣಿಸಿದಂತೆ ಒಂದರ ಮೇಲೊಂದು ಪೋಣಿಸುತ್ತಾರೆ. ಒಂದು ಹಿಡಿಗೆ ಹತ್ತಾರು ಚೌಕಗಳು ಬೇಕು. ಎರಡು ತುದಿಗೂ ಹಿತ್ತಾಳೆಯ ಬಿಲ್ಲೆ ಇಟ್ಟು ಬಲವಾಗಿ ಒತ್ತಿ, ಹೊರಬಂದ ಬಾಲದ ತುದಿಯನ್ನು ಸುತ್ತಿಗೆಯಿಂದ ಬಡಿದು ಮೊಳೆಯ ತಲೆಯಂತೆ ಹರಡಿ ಬಿಗಿಯುತ್ತಾರೆ. ಆಮೇಲೆ ಕೆತ್ತಿ, ಅರದಿಂದ ಉಜ್ಜಿ ಮೊಟ್ಟೆಯಾಕಾರದ ಹಿಡಿ ಮಾಡುತ್ತಾರೆ. ಈ ಹಿಡಿ ಹಗುರ, ಕೈಯಲ್ಲಿ ಬೆಚ್ಚಗಿರುತ್ತದೆ, ಮೀನಿನ ಲೋಳೆ ತಾಗಿದರೂ ಜಾರುವುದಿಲ್ಲ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಲೋಹದ ಹಿಡಿಯನ್ನು ಬರಿಗೈಯಲ್ಲಿ ಮುಟ್ಟಿದವರಿಗೆ ‘ಬೆಚ್ಚಗೆ’ ಎಂಬ ಮಾತಿನ ಬೆಲೆ ತಿಳಿದೀತು.

ಎರಡನೆಯ ಬಗೆ ‘ವಿಸಕೊಯಿವು’. ಇದು ಭೂರ್ಜದಲ್ಲಿಯೇ ಒಂದು ವಿಚಿತ್ರ ತಳಿ. ಮರ ಸೊಟ್ಟಗೆ, ಗಂಟುಗಂಟಾಗಿ, ನಿಧಾನವಾಗಿ ಬೆಳೆಯುತ್ತದೆ. ನಾಟಾ ವ್ಯಾಪಾರಿಯ ಲೆಕ್ಕದಲ್ಲಿ ಕೆಲಸಕ್ಕೆ ಬಾರದ್ದು. ಕೊಯ್ದು ನೋಡಿದರೆ ಒಳಗೆಲ್ಲ ಕಂದು ಬಣ್ಣದ ಜ್ವಾಲೆಗಳಂತಹ ಸುಳಿ. ಈ ಗುಣ ಆನುವಂಶಿಕವಾದರೂ ಬೀಜದಿಂದ ಬಂದ ಎಲ್ಲ ಸಸಿಗಳಲ್ಲೂ ಇಳಿಯುವುದಿಲ್ಲ. ಹೊರಗಿನ ಉಬ್ಬುಗಳನ್ನು ನೋಡಿ ಊಹಿಸಬೇಕು. ಉಳಿದ ನಾಟಾ ಘನ ಅಳತೆಯಲ್ಲಿ ಮಾರಾಟವಾದರೆ ವಿಸಕೊಯಿವು ತೂಕದ ಮೇಲೆ, ಕಿಲೋ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಉತ್ತರದ ಲ್ಯಾಪ್‌ಲ್ಯಾಂಡಿನಲ್ಲಿ ವಾಸಿಸುವ ಸಾಮಿ ಜನರ ಕತ್ತಿಗಳಲ್ಲಾದರೆ ಹಿಮಸಾರಂಗದ ಕೊಂಬು ಹಿಡಿಯ ಭಾಗವಾಗುತ್ತದೆ. ಆ ಪ್ರಾಣಿ ಪ್ರತಿವರ್ಷ ಕೊಂಬು ಉದುರಿಸುತ್ತದೆಯಾದ್ದರಿಂದ ಕೊಂಬಿಗಾಗಿ ಅದನ್ನು ಕೊಲ್ಲಬೇಕಿಲ್ಲ. ಅವರಲ್ಲಿ ಕೊಂಬೆ ಕಡಿಯುವುದಕ್ಕೆ, ಸೌದೆ ಸೀಳುವುದಕ್ಕೆ ‘ಲೇವುಕು’ ಎಂಬ ದೊಡ್ಡ ಕತ್ತಿ ಬೇರೆಯೇ ಇದೆ.

ಒರೆಯನ್ನು ‘ತುಪ್ಪಿ’ ಎನ್ನುತ್ತಾರೆ. ದಪ್ಪ ಚರ್ಮವನ್ನು ನೀರಿನಲ್ಲಿ ನೆನೆಸಿ, ಕತ್ತಿಯ ಮೇಲೆಯೇ ಎಳೆದು ಹೊಲಿದು ಒಣಗಿಸುತ್ತಾರೆ. ಅಲಗು ಚರ್ಮವನ್ನು ಸೀಳದಂತೆ ಒಳಗೆ ಮರದ ಗೂಡೊಂದಿರುತ್ತದೆ. ಹಿಡಿಯ ಬಹುಭಾಗವೂ ಒರೆಯೊಳಗೆ ಇಳಿಯುವುದರಿಂದ ಗುಂಡಿಯಿಲ್ಲದೆ, ಪಟ್ಟಿಯಿಲ್ಲದೆ ಕತ್ತಿ ತಾನಾಗಿಯೇ ಕಚ್ಚಿಕೊಂಡು ನಿಲ್ಲುತ್ತದೆ. ಹಿಂದಿನ ಕಾಲದಲ್ಲಿ ಮದುವೆಯ ವಯಸ್ಸಿನ ಹುಡುಗಿಯರು ಬರಿದಾದ ಒರೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಡುತ್ತಿದ್ದರೆಂದೂ, ಹುಡುಗ ತನ್ನ ಪೂಕ್ಕೊವನ್ನು ಅದರಲ್ಲಿ ಇಳಿಸಿದಾಗ ಆಕೆ ಅದನ್ನು ಇಟ್ಟುಕೊಂಡರೆ ಸಮ್ಮತಿ, ಹಿಂದಿರುಗಿಸಿದರೆ ಇಲ್ಲವೆಂದೂ ಪ್ರತೀತಿ.

ಕಬ್ಬಿಣ ಎಲ್ಲಿಂದ ಬರುತ್ತಿತ್ತು? ಇದರ ಉತ್ತರ ಅನೇಕರಿಗೆ ಬೆರಗು ತರಬಹುದು. ಆ ದೇಶದ ಜೌಗುಗಳಲ್ಲಿಯೂ ಸರೋವರಗಳ ತಳದಲ್ಲಿಯೂ ನೀರಿನಲ್ಲಿ ಕರಗಿದ ಕಬ್ಬಿಣ ಸೂಕ್ಷ್ಮಜೀವಿಗಳ ನೆರವಿನಿಂದ ಕಂದು ಹರಳುಗಳಾಗಿ ಹೆಪ್ಪುಗಟ್ಟುತ್ತದೆ. ಬೇಸಿಗೆಯಲ್ಲಿ ತೆಪ್ಪದ ಮೇಲೆ ನಿಂತು, ಚಳಿಗಾಲದಲ್ಲಿ ಮಂಜುಗಡ್ಡೆಯಲ್ಲಿ ಕಂಡಿ ಕೊರೆದು, ಉದ್ದ ಹಿಡಿಯ ಸೌಟಿನಂತಹ ಸಾಧನದಿಂದ ರೈತರು ಅದನ್ನು ಬಾಚಿ ತೆಗೆಯುತ್ತಿದ್ದರು. ಪೂರ್ವ ಗಡಿಯ ಇಲೊಮಂತ್ಸಿ ಎಂಬ ಪ್ರದೇಶದ ಮೊಹ್ಕೊ ಎಂಬಲ್ಲಿ 19ನೆಯ ಶತಮಾನದಲ್ಲಿ ಇಂತಹ ಅದಿರನ್ನು ಕರಗಿಸುವ ದೊಡ್ಡ ಕಾರ್ಖಾನೆಯಿತ್ತು. 1908ರಲ್ಲಿ ಅದು ಮುಚ್ಚಿತು, ಈಗ ವಸ್ತುಸಂಗ್ರಹಾಲಯವಾಗಿದೆ. ಇದನ್ನೆಲ್ಲ ಪ್ರಕೃತಿಯೊಡನೆ ಸಾಮರಸ್ಯವೆಂದು ಬಣ್ಣಿಸಿಬಿಡುವುದು ಸುಲಭ. ಆದರೆ ಆ ಕುಲುಮೆಗಳು ಇದ್ದಿಲಿಗಾಗಿ ಸುತ್ತಲಿನ ಕಾಡನ್ನು ನುಂಗಿದ್ದೂ ಅಷ್ಟೇ ನಿಜ. ಒಬ್ಬ ಹಳ್ಳಿಯ ಕಮ್ಮಾರನ ಹಸಿವು ಬೇರೆ, ಕಾರ್ಖಾನೆಯ ಹಸಿವು ಬೇರೆ.

ಎಲಿಯಾಸ್ ಲೊನ್‌ರೂತ್ ಎಂಬ ವೈದ್ಯ ಜನಪದ ಗೀತೆಗಳನ್ನು ಸಂಗ್ರಹಿಸಿ 1835ರಲ್ಲಿಯೂ, ವಿಸ್ತರಿಸಿ 1849ರಲ್ಲಿಯೂ ಪ್ರಕಟಿಸಿದ ‘ಕಲೆವಾಲ’ ಎಂಬ ಮಹಾಕಾವ್ಯದಲ್ಲಿ ಕಬ್ಬಿಣದ ಹುಟ್ಟಿನ ಕಥೆ ಬರುತ್ತದೆ. ಅಣ್ಣನಾದ ಬೆಂಕಿಗೆ ಹೆದರಿದ ಕಬ್ಬಿಣ ಜೌಗಿನಲ್ಲಿ ಅಡಗಿರುತ್ತದೆ. ತೋಳ ಕರಡಿಗಳು ನಡೆದ ಹೆಜ್ಜೆಯ ಗುರುತಿನಲ್ಲಿ ಅದು ಮೇಲೆದ್ದು ಕಾಣುತ್ತದೆ. ಇಲ್ಮರಿನೆನ್ ಎಂಬ ಕಮ್ಮಾರ ಅದನ್ನು ಕುಲುಮೆಗೆ ತರುತ್ತಾನೆ. ಬಂಧುಗಳಿಗೆ ಕೇಡು ಮಾಡುವುದಿಲ್ಲವೆಂದು ಅದರಿಂದ ಆಣೆ ಮಾಡಿಸುತ್ತಾನೆ. ಹದ ಮಾಡುವ ನೀರಿಗೆ ಬೆರೆಸಲು ಜೇನು ತರುವಂತೆ ಜೇನುನೊಣಕ್ಕೆ ಹೇಳುತ್ತಾನೆ. ಅದನ್ನು ಕದ್ದು ಕೇಳಿದ ಕಣಜವೊಂದು ಜೇನಿನ ಬದಲು ಹಾವಿನ ವಿಷವನ್ನು ತಂದು ಸುರಿಯುತ್ತದೆ. ತಿಳಿಯದ ಕಮ್ಮಾರ ಅದರಲ್ಲಿಯೇ ಉಕ್ಕನ್ನು ಅದ್ದುತ್ತಾನೆ. ಅಂದಿನಿಂದ ಕಬ್ಬಿಣ ಆಣೆ ಮುರಿದು ಮನುಷ್ಯನ ಮಾಂಸವನ್ನು ಕಚ್ಚತೊಡಗಿತು. ಜೌಗಿನ ಅದಿರನ್ನು ಕಣ್ಣಾರೆ ಕಂಡ, ಹದ ಹಾಕುವ ಗಳಿಗೆಯ ಅಪಾಯವನ್ನು ಬಲ್ಲ ಜನ ಮಾತ್ರ ಕಟ್ಟಬಲ್ಲ ಕಥೆಯಿದು. ಅದೇ ಕಾವ್ಯದ ಕುಲ್ಲೆರ್ವೊ ಎಂಬ ಅನಾಥನ ಬಳಿ ತಂದೆಯ ನೆನಪಿಗೆಂದು ಉಳಿದಿದ್ದು ಒಂದು ಕತ್ತಿ ಮಾತ್ರ. ಒಡತಿ ರೊಟ್ಟಿಯೊಳಗೆ ಕಲ್ಲಿಟ್ಟು ಕೊಟ್ಟಾಗ ಆ ಕತ್ತಿ ಮುರಿಯುತ್ತದೆ. ಅಲ್ಲಿಂದ ಅವನ ಸೇಡು ಶುರುವಾಗುತ್ತದೆ.

ಕಥೆಯ ವಿಷ ಇತಿಹಾಸದಲ್ಲಿಯೂ ಇಳಿಯಿತು. ಪಶ್ಚಿಮದ ದಕ್ಷಿಣ ಒಸ್ತ್ರೊಬೊತ್ನಿಯಾ ಬಯಲಿನಲ್ಲಿ 18ನೆಯ ಶತಮಾನದ ಕೊನೆಯಿಂದ 19ನೆಯ ಶತಮಾನದ ಉತ್ತರಾರ್ಧದವರೆಗೆ ‘ಪೂಕ್ಕೊಯುಂಕ್ಕರಿ’ಗಳೆಂಬ ಪುಂಡರ ಹಾವಳಿಯಿತ್ತು. ಮದುವೆಮನೆಗಳಿಗೆ ನುಗ್ಗುವುದು, ಕುಡಿದು ಜಗಳ ತೆಗೆಯುವುದು, ಇರಿಯುವುದು. ಆ ಪುಂಡರ ಮೇಲೆ ಹಾಡುಗಳು ಹುಟ್ಟಿಕೊಂಡವು. ಕಾಲ ಸರಿದಂತೆ ಕೊಲೆಗಡುಕರು ವೀರರಂತೆ ಕಾಣತೊಡಗಿದರು. ಪೂಕ್ಕೊವನ್ನು ಮೆಚ್ಚುವ ಕೆಲವರಲ್ಲಿ ಈ ಚಪಲ ಇಂದಿಗೂ ಉಂಟು, ಅದು ಮೆಚ್ಚತಕ್ಕದ್ದಲ್ಲ. ಅದೇ ಪ್ರಾಂತ್ಯದ ಕೌಹವ ಎಂಬ ಊರಿನಲ್ಲಿಯೇ 1879ರಲ್ಲಿ ಈಸಾಕ್ಕಿ ಯಾರ್ವೆನ್‌ಪ್ಯಾ ಎಂಬ ಕಮ್ಮಾರ ಕತ್ತಿಯ ಕಾರ್ಯಾಗಾರವನ್ನು ಸ್ಥಾಪಿಸಿದ. ಹಿತ್ತಾಳೆಯ ಕುದುರೆಮುಖದ ಹಿಡಿಯುಳ್ಳ ಅಲ್ಲಿನ ಪೂಕ್ಕೊ ದೇಶದಾದ್ಯಂತ ಹೆಸರಾಯಿತು. ಇರಿತಕ್ಕೆ ಕುಖ್ಯಾತವಾದ ಸೀಮೆ ಕತ್ತಿಯ ಕಸುಬಿಗೆ ವಿಖ್ಯಾತವಾಯಿತು. ಸರ್ಕಾರ 1977ರಲ್ಲಿ ಹರಿತ ಆಯುಧಗಳ ಮೇಲೆ ಕಾನೂನು ತಂದಿತು. 2003ರ ಸಾರ್ವಜನಿಕ ಸುವ್ಯವಸ್ಥೆಯ ಕಾನೂನಿನಂತೆ ಕೆಲಸದ ಕಾರಣವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಕತ್ತಿ ಇಟ್ಟುಕೊಳ್ಳುವಂತಿಲ್ಲ. ಕಾಡಿಗೆ, ಮೀನಿಗೆ ಹೊರಟವನಿಗೆ ತೊಡಕಿಲ್ಲ. ಪೇಟೆಯ ಬೀದಿಯಲ್ಲಿ ಅದಕ್ಕೆ ಕೆಲಸವಿಲ್ಲವೆಂಬುದನ್ನು ಒಳ್ಳೆಯ ಕಮ್ಮಾರರೂ ಒಪ್ಪುತ್ತಾರೆ.

ಒಂದೊಂದು ಸೀಮೆಗೆ ಒಂದೊಂದು ಪೂಕ್ಕೊ. ಕೈನೂ ಪ್ರಾಂತ್ಯದ ಹ್ಯುರುನ್‌ಸಾಲ್ಮಿಯ ಕಲ್ಲೆ ಕೆರಾನೆನ್ ಎಂಬ ಕಮ್ಮಾರ ಫಿಸ್ಕರ್ಸ್ ಎಂಬ ಕಬ್ಬಿಣದ ಊರಿಗೆ ಹೋಗಿ ಅಲ್ಲಿದ್ದ ಥಾಮಸ್ ವುಡ್‌ವರ್ಡ್ ಎಂಬ ಇಂಗ್ಲಿಷ್ ಕುಶಲಿಯಿಂದ ವಿದ್ಯೆ ಕಲಿತ. ಅವನು ರೂಪಿಸಿದ ಕತ್ತಿಗೆ ಗುರುವಿನ ಹೆಸರೇ ನಿಂತು ‘ತೊಮ್ಮಿ’ ಎಂದಾಯಿತು. ಕಲಿತ ವಿದ್ಯೆ ಪರದೇಶಿಯನದು, ಕತ್ತಿ ಮಾತ್ರ ಅಪ್ಪಟ ಕೈನೂ ನೆಲದ್ದು. ರೊವಾನಿಯೆಮಿಯಲ್ಲಿ ಯಾನ್ನೆ ಮಾರ್ತೀನಿ 1928ರಲ್ಲಿ ಆರಂಭಿಸಿದ ಉದ್ಯಮ ಈಗ ಕಾರ್ಖಾನೆಯಾಗಿ ಜಗತ್ತಿಗೆಲ್ಲ ಕತ್ತಿ ಕಳುಹಿಸುತ್ತದೆ.

ಕಾರ್ಖಾನೆಯ ಕತ್ತಿ ಕೆಟ್ಟದ್ದೇನೂ ಅಲ್ಲ. ಪ್ಲಾಸ್ಟಿಕ್ ಹಿಡಿಯ ಅಗ್ಗದ ಕತ್ತಿಯೂ ಮೀನನ್ನು ಚೆನ್ನಾಗಿಯೇ ಸೀಳುತ್ತದೆ. ಬಡವನಿಗೆ ಅದು ವರವೇ ಸರಿ. ಕೈಗೆಲಸದ ಪೂಕ್ಕೊ ಹೆಚ್ಚು ಕೊಯ್ಯುತ್ತದೆಂಬ ವಾದ ಬಹಳ ದೂರ ನಡೆಯದು. ಅದರ ಹಿರಿಮೆ ಬೇರೆಡೆಯಿದೆ. ಅದನ್ನು ಮಾಡುವವನು ತೊಗಟೆ ಬಿಡುವ ವಾರವನ್ನು ತಿಳಿದಿರಬೇಕು, ಸೊಟ್ಟ ಮರದ ಒಳಗನ್ನು ಹೊರಗಿನಿಂದಲೇ ಊಹಿಸಬೇಕು, ಉಕ್ಕಿನ ಬಣ್ಣವನ್ನು ಓದಬೇಕು, ಚರ್ಮದ ಹದ ಅರಿಯಬೇಕು. ಅವನು ಹೋದರೆ ಹೋಗುವುದು ಒಂದು ಸರಕಲ್ಲ, ಕಾಡನ್ನು ಓದುವ ಒಂದು ಕಣ್ಣು. ಇದನ್ನು ಮನಗಂಡಂತೆ ಉನೊ ಸಿಗ್ನೇಯುಸ್ ಎಂಬ ಶಿಕ್ಷಣತಜ್ಞ 1866ರ ಜನಶಾಲೆಗಳ ಶಾಸನದಲ್ಲಿಯೇ ಕೈಗೆಲಸವನ್ನು ಪಾಠವಿಷಯವಾಗಿ ಸೇರಿಸಿದ. ಇಂದಿಗೂ ಆ ದೇಶದ ಶಾಲೆಗಳಲ್ಲಿ ಹುಡುಗ ಹುಡುಗಿಯರಿಬ್ಬರೂ ಮರಗೆಲಸ, ಹೊಲಿಗೆ ಎರಡನ್ನೂ ಕಲಿಯುತ್ತಾರೆ.

ಆದರೆ ಓದುವ ಕಣ್ಣಿದ್ದರೂ ಓದಲು ಕಾಡು ಬೇಕಲ್ಲ? ಎರಡನೆಯ ಮಹಾಯುದ್ಧದ ನಂತರ ಕಾಗದದ ಕಾರ್ಖಾನೆಗಳಿಗೆ ಬೇಕಾದ ಪೈನ್, ಸ್ಪ್ರೂಸ್ ಮರಗಳೇ ಕಾಡೆಂದು ಎಣಿಸಿದ ಕಾಲವೊಂದು ಬಂದಿತು. ಭೂರ್ಜ ಕಳೆಯಾಯಿತು. ಸುತ್ತಲೂ ತೊಗಟೆ ಕೆತ್ತಿ ಮರಗಳನ್ನು ನಿಂತಲ್ಲೇ ಒಣಗಿಸಿದರು. ಎಳೆಯ ಚಿಗುರುಗಳ ಮೇಲೆ ವಿಮಾನದಿಂದ ಕಳೆನಾಶಕ ಸುರಿದರು. ಕಾಡುಹಣ್ಣು, ಅಣಬೆಗಳ ಮೇಲೂ ಅದೇ ಸುರಿಯಿತು. 1980ರ ದಶಕದ ಆರಂಭದಲ್ಲಿ, ಮೊಹ್ಕೊ ಇರುವ ಅದೇ ಇಲೊಮಂತ್ಸಿಯ ಮುತಲಹ್ತಿ ಎಂಬ ಹಳ್ಳಿಯ ಜನ ಇದಕ್ಕೆ ಎದುರಾಗಿ ನಿಂತರು. ಫಿನ್ಲೆಂಡಿನ ಪರಿಸರ ಚಳವಳಿಯ ಚರಿತ್ರೆಯಲ್ಲಿ ಆ ಹಳ್ಳಿಯ ಹೆಸರು ಉಳಿದಿದೆ. ಆ ಬಳಿಕ ವಿಮಾನದ ಸಿಂಪಡಣೆ ಇಳಿಮುಖವಾಯಿತು. ಕಳೆಯೆನಿಸಿಕೊಂಡ ಆ ಮರ ರಾಷ್ಟ್ರೀಯ ವೃಕ್ಷವಾದದ್ದು ಅದೇ ದಶಕ ಮುಗಿಯುವ ಮುನ್ನ ಎಂಬುದು ಗಮನಾರ್ಹ. ಕತ್ತಿಯ ಅಂದವನ್ನು ಹೊಗಳುವ ಪುಸ್ತಕಗಳು ಹಿಡಿಯ ಮರಕ್ಕೆ ಒದಗಿದ್ದ ಈ ಗತಿಯನ್ನೂ ಒಂದು ಪುಟದಲ್ಲಿ ಹೇಳಬೇಕಿತ್ತು.

ಕೌಹವದಲ್ಲಿ ಬೇಸಿಗೆಯಲ್ಲಿ ಪೂಕ್ಕೊ ಉತ್ಸವ ನಡೆಯುತ್ತದೆ. ಕಮ್ಮಾರರು ತಮ್ಮ ಕೆಲಸವನ್ನು ತೀರ್ಪಿಗೆ ಇಡುತ್ತಾರೆ. ಅಂತಹ ಕಡೆ ಬಲ್ಲವರು ಮೊದಲು ನೋಡುವುದು ಹೊಳಪನ್ನಲ್ಲ. ಅಲಗು ಹಿತ್ತಾಳೆಯ ಕಟ್ಟಿನೊಳಗೆ ಇಳಿಯುವ ಜಾಗದಲ್ಲಿ ಬೆಳಕು ತೂರುವಷ್ಟು ಸಂದಿಯಿದೆಯೇ ಎಂದು ನೋಡುತ್ತಾರೆ. ಬೆನ್ನಿನಿಂದ ಕಣ್ಣು ಹಾಯಿಸಿ ಮೊನೆಯೂ ಹಿಡಿಯೂ ಒಂದೇ ಗೆರೆಯಲ್ಲಿವೆಯೇ ಎಂದು ಪರೀಕ್ಷಿಸುತ್ತಾರೆ. ಕಣ್ಣು ಮುಚ್ಚಿ ಹಿಡಿದಾಗ ಹರಿತ ಯಾವ ಕಡೆಗಿದೆಯೆಂದು ಅಂಗೈಗೆ ತಿಳಿಯಬೇಕು. ಒರೆಗೆ ಇಳಿಸಿದರೆ ಕೊನೆಯ ಬೆರಳಗಲದಲ್ಲಿ ಬಿಗಿಯಾಗಿ ಕುಳಿತು, ತಲೆಕೆಳಗೆ ಮಾಡಿದರೂ ಬೀಳಬಾರದು. ಇಷ್ಟೆಲ್ಲ ಗೆದ್ದ ಕತ್ತಿಯನ್ನು ಗಾಜಿನ ಬೀರುವಿನಲ್ಲಿ ಬೀಗ ಹಾಕಿಡುವ ಸಂಗ್ರಾಹಕರೂ ಇದ್ದಾರೆ. ದುಡಿಯದ ಪೂಕ್ಕೊವನ್ನು ನೋಡುವುದು ಉಳುಮೆಗೆ ಹೂಡದ ಎತ್ತನ್ನು ನೋಡಿದಂತೆ.

ಇಂಗಾಲದ ಉಕ್ಕು ತುಕ್ಕು ಹಿಡಿಯುತ್ತದೆ. ಮೀನು ಸೀಳಿದ ಮೇಲೆ ತೊಳೆದು ಒರೆಸಿ ತುಸು ಎಣ್ಣೆ ಸವರಬೇಕು. ಒದ್ದೆಯಾದ ಒರೆಯಲ್ಲಿ ರಾತ್ರಿಯಿಡೀ ಬಿಡಬಾರದು. ಹಾಗೆ ಬಾಳಿಸಿದ ಕತ್ತಿಗಳು ಫಿನ್ಲೆಂಡಿನ ಹಳೆಯ ಮನೆಗಳಲ್ಲಿ ಇಂದಿಗೂ ಸಿಗುತ್ತವೆ: ಸಾಣೆ ಹಿಡಿದು ಹಿಡಿದು ಅಲಗು ಕಿರುಬೆರಳಿನಷ್ಟು ಕಿರಿದಾಗಿರುತ್ತದೆ, ತೊಗಟೆಯ ಹಿಡಿ ಕೈಬೆವರು ಕುಡಿದು ಕಪ್ಪಾಗಿ ನುಣುಪಾಗಿರುತ್ತದೆ. ಅಂತಹುದನ್ನು ಕಮ್ಮಾರನ ಬಳಿ ಒಯ್ದರೆ ಅವನು ಹಿಂಬದಿಯ ಬಡಿದ ತಲೆಯನ್ನು ಅರದಿಂದ ಉಜ್ಜಿ ಬಿಡಿಸಿ, ಸವೆದ ಅಲಗನ್ನು ಹೊರಗೆಳೆದು, ಅದೇ ಹಿಡಿಗೆ ಹೊಸ ಅಲಗನ್ನು ಕೂರಿಸಿಕೊಡುತ್ತಾನೆ.